ಅರಮನೆಯ ತೋಟಗಳಲ್ಲಿ ಒಬ್ಬನೇ ಕುಡಿದ ಚಹಾ

ನಾನು ಚಿತ್ತಾಪುರದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ತೊಂಬತ್ತರ ದಶಕದಲ್ಲಿ ನನಗೂ ನನ್ನ ಹೆಂಡತಿಗೂ ಕೂಡಿ ಒಂದೇ ಒಂದು ಚಟವಿತ್ತು. ಹಳೆಯ ಅರಮನೆ, ಬಂಗಲೆ, ಅವುಗಳ ತೋಟ ನೋಡುವುದು. ರಜೆ ಬಿತ್ತೆಂದರೆ ವಾಡಿಗೆ ಹೋಗಿ ರೈಲು ಹತ್ತುತ್ತಿದ್ದೆವು. ಹೈದರಾಬಾದು, ಮೈಸೂರು, ವಿಜಾಪುರ ಎಲ್ಲ ಹಾಗೆಯೇ ಆದವು. ದೂರ ಹೋಗಲಾಗದ ವರ್ಷ ಶಹಾಬಾದಿನಲ್ಲಿ ಹಳೆಯ ಸಾಹೇಬರ ಬಂಗಲೆಯ ಬೇಲಿಯ ಹೊರಗೆ ನಿಂತಾದರೂ ಗುಲಾಬಿ ನೋಡಿಕೊಂಡು ಬರುತ್ತಿದ್ದೆವು. ನಮಗೆ ಮಕ್ಕಳಿರಲಿಲ್ಲ. ಹೊರಡಬೇಕೆಂದರೆ ಬೀಗ ಹಾಕಿದರಾಯಿತು.

ತೋಟದೊಳಗೆ ಕಾಲಿಟ್ಟ ಕೂಡಲೇ ಅವಳ ಚಹರೆಯೇ ಬದಲಾಗುತ್ತಿತ್ತು. ಮಾಲಿ ಯಾರೇ ಇರಲಿ, ಗಿಡ ಕತ್ತರಿಸಿದ ರೀತಿಗೆ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಅವನು ಅತ್ತ ಮುಖ ತಿರುಗಿಸಿದರೆ ಸಾಕು, ಒಂದು ಟೊಂಗೆ ಇವಳ ಸೆರಗಿನೊಳಗೆ. ನಮ್ಮ ಹಿತ್ತಲಿನಲ್ಲಿ ಎರಡು ಸಂಸ್ಥಾನಗಳ ಮಲ್ಲಿಗೆ ಬೆಳೆದದ್ದು ಹೀಗೆ. ಕದ್ದ ಮಾಲನ್ನು ಬಾಳೆಲೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದವನು ನಾನೇ. ಅಲ್ಲಿಯವರೆಗೆ ನಾವು ಒಳ್ಳೆಯ ಜೋಡಿ.

ಬಾಯಾರಿಕೆಯಾದ ಮೇಲೆ ಇಬ್ಬರೂ ಬೇರೆ ಬೇರೆ. ನಮ್ಮದು ವೈಷ್ಣವರ ಮನೆ. ಮದುವೆಯಾಗಿ ಬಂದ ಹೊಸತರಲ್ಲೇ ನನ್ನ ತಾಯಿ ಅವಳಿಗೆ, ಹೊರಗೆ ನೀರೂ ಮುಟ್ಟಬಾರದು ಎಂದು ನಿಯಮ ಹಾಕಿದ್ದಳು. ಗಂಡಸರಿಗೆ ನಡೆಯುತ್ತದೆ ಎಂದು ನನ್ನನ್ನು ಬಿಟ್ಟುಬಿಟ್ಟಿದ್ದಳು. ತಾಯಿ ತೀರಿಕೊಂಡಳು, ನಿಯಮ ತೀರಿಕೊಳ್ಳಲಿಲ್ಲ. ಪ್ರವಾಸವೆಂದರೆ ತಿರುಗಣಿ ಮುಚ್ಚಳದ ತಾಮ್ರದ ತಂಬಿಗೆಯಲ್ಲಿ ಮನೆಯ ನೀರು, ಹಾಲಿನಲ್ಲಿ ಕಲಸಿದ ಚಪಾತಿ, ಹಚ್ಚಿದ ಅವಲಕ್ಕಿ. ನಾನೋ ಚಹಾಕ್ಕೆ ಮಾರಿಕೊಂಡವನು. ಸ್ಟೇಷನ್ನಿನದಾಗಲಿ ಗಾಡಿಯವನದಾಗಲಿ, ಸಿಕ್ಕಲ್ಲಿ ಕುಡಿಯುತ್ತಿದ್ದೆ. ಅವಳೂ ಚಹಾ ಕುಡಿಯುತ್ತಿದ್ದಳು, ಆದರೆ ಮನೆಯಲ್ಲಿ, ಒಳಗೆ ಒಲೆಯ ಮುಂದೆ, ನಾನು ಶಾಲೆಗೆ ಹೋದ ಮೇಲೆ.

ಹೈದರಾಬಾದಿನ ಒಂದು ಅರಮನೆಯ ತೋಟದಲ್ಲಿ, ನಮ್ಮ ಎದುರಿನ ಬೆಂಚಿನ ಮೇಲೆ ನಮ್ಮ ವಯಸ್ಸಿನವರೇ ಗಂಡ ಹೆಂಡತಿ ಕೂತಿದ್ದರು. ಇಬ್ಬರ ನಡುವೆ ಒಂದು ಚಹಾ. ಅವನು ಕಪ್ಪಿನಲ್ಲಿ, ಆಕೆ ಕಪ್ಪಿನ ಕೆಳಗಿನ ಬಶಿಯಲ್ಲಿ. ಮಾತೂ ಇರಲಿಲ್ಲ, ಊದಿ ಊದಿ ಕುಡಿಯುತ್ತಿದ್ದರು ಅಷ್ಟೇ. ನಾನು ಅರಮನೆ ನೋಡುವುದನ್ನು ಬಿಟ್ಟು ಅವರನ್ನೇ ನೋಡಿದೆ. ಇವತ್ತೊಂದು ಗುಟುಕು ಕುಡಿ ಎಂದು ಇವಳನ್ನು ಕೇಳಿಯೂ ಬಿಟ್ಟೆ. ಅವಳು ನಕ್ಕು ತಂಬಿಗೆಯ ಮುಚ್ಚಳ ತಿರುಗಿಸಿದಳು. "ನನಗ ಇದರಾಗೇ ಸಮಾಧಾನ ಅದರಿ," ಎಂದಳು.

ಹಾಗೆಯೇ ಅವಳನ್ನು ಮೈಸೂರಿನಲ್ಲೂ ಕೇಳಿದೆ, ವಿಜಾಪುರದಲ್ಲೂ ಕೇಳಿದೆ. ಅವಳು ಎಂದೂ ಸಿಡುಕಲಿಲ್ಲ, ಎಂದೂ ಒಪ್ಪಲಿಲ್ಲ. ಹೆಂಡತಿಯ ಮಗ್ಗುಲಲ್ಲೇ ಕೂತು, ಊರಿನ ಜನವೆಲ್ಲ ಓಡಾಡುವ ತೋಟದಲ್ಲಿ, ನಾನು ಒಂಟಿಯಾಗಿದ್ದೆ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಹೆಂಡತಿ ಜೊತೆಗೆ ಚಹಾ ಕುಡಿಯುವುದಿಲ್ಲ ಎಂದು ಗೋಳಾಡಿದ್ದರೆ ಸ್ಟಾಫ್ ರೂಮಿನಲ್ಲಿ ವರ್ಷವೆಲ್ಲ ನಗುತ್ತಿದ್ದರು. ಕೇಳುವುದನ್ನು ಬಿಟ್ಟೆನೇ ಹೊರತು ಬಯಸುವುದನ್ನು ಬಿಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲ, ಚಿಂಚೋಳಿಯ ಆಚೆ ಹಳೆಯ ಜಾಗೀರದಾರರ ಶಿಕಾರಿ ಬಂಗಲೆ ಇದೆ ಎಂದು ಕೇಳಿ ಹೋದೆವು. ಬಸ್ಸಿಳಿದು ಬಿಸಿಲಲ್ಲಿ ಬಹಳ ನಡೆಯಬೇಕಾಯಿತು. ಒಣಗಿದ ಕಾರಂಜಿ, ಮಾವಿನ ಮರಗಳು, ಕಾಲಿಗೆ ತಣ್ಣಗೆ ತಾಕುವ ಶಹಾಬಾದಿ ಕಲ್ಲಿನ ಪಡಸಾಲೆ. ಮಾಲೀಕರೆಲ್ಲ ಹೈದರಾಬಾದಿನಲ್ಲಿ. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟಿದ್ದರು. ನಮ್ಮದೇ ವಯಸ್ಸಿನಾಕೆ, ಅರ್ಧ ಕನ್ನಡ ಅರ್ಧ ತೆಲುಗು. ಪಾತ್ರೆ ತೊಳೆದ ನೀರು ಹಾಕಿ ನಾಲ್ಕು ಗುಲಾಬಿ ಗಿಡ ಉಳಿಸಿಕೊಂಡಿದ್ದಳು. ನನ್ನ ಹೆಂಡತಿ ಆ ಗಿಡಗಳ ಮುಂದೆ ಕೂತವಳು ಏಳಲಿಲ್ಲ. ನಾನು ಹಿಂದಿನ ಬಾವಿ ನೋಡಿ ಬರುತ್ತೇನೆಂದು ಹೋದೆ.

ತಿರುಗಿ ಬಂದಾಗ ನನ್ನ ಹೆಂಡತಿ ಪಡಸಾಲೆಯ ಕಲ್ಲಿನ ಮೇಲೆ ಆ ಹೆಂಗಸಿನ ಎದುರು ಕೂತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ, ಲೋಟದಲ್ಲಿ ಚಹಾ. ಊದಿ ಕುಡಿಯುತ್ತಿದ್ದಳು. ರೈಲಿನಲ್ಲಿ ಎದುರಿಗೆ ಕೂತವರ ಕುಲ ಗೋತ್ರ ಕೇಳದೆ ಬಿಡದ ಇವಳು, ಆ ಹೆಂಗಸಿನ ಹೆಸರನ್ನೂ ಕೇಳಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ನಾನು ಸದ್ದಿಲ್ಲದೆ ಹಿಂದೆ ಸರಿದು ಕಾರಂಜಿಯ ಕಟ್ಟೆಯ ಮೇಲೆ ಕೂತೆ. ಖುಷಿಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಯಾರೋ ಗುರುತಿಲ್ಲದ ಹೆಂಗಸಿನ ಮೇಲೆ, ಒಂದು ಲೋಟ ಚಹಾಕ್ಕಾಗಿ, ಐವತ್ತರ ಹತ್ತಿರದ ಮಾಸ್ತರನಿಗೆ ಹೊಟ್ಟೆಕಿಚ್ಚು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮುತ್ತ ಒಳಗೆ ಹೋದೆ. ಆಕೆ ನನಗೂ ಚಹಾ ಮಾಡುತ್ತೇನೆಂದಳು. ಬುದ್ಧಿ ಬಂದಾಗಿನಿಂದ ಮೊದಲ ಸಲ ನಾನು ಚಹಾ ಬೇಡವೆಂದೆ. ಹೆಂಡತಿಯ ಲೋಟ ಆಗಲೇ ಖಾಲಿಯಾಗಿತ್ತು.

ಮರಳುವಾಗ ಕಾಳಗಿಯಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಹೋದ. ಇನ್ನು ತಡೆಯಲಾರದೆ, ಚಹಾ ತರಲೇ ಎಂದು ಕೇಳಿದೆ. ನನಗೆ ಯಾಕೆ, ನೀವು ಕುಡಿಯಿರಿ ಎಂದಳು.

"ಅಲ್ಲಿ ಕುಡದ್ಯಲ್ಲ," ಎಂದೆ.

ಅವಳು ಬೆಚ್ಚಲಿಲ್ಲ, ಮುಚ್ಚಿಡಲೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಹೇಳಿದಳು.

"ಆಕಿ ಒಬ್ಬಾಕೀನೇ ಕುಂತು ಕುಡೀಲಿಕತ್ತಿದ್ಲರಿ. ಬಂದವ್ರು ಗ್ವಾಡಿ ನೋಡಿ ಹೋಗ್ತಾರ, ಯಾರೂ ಜೋಡಿ ಕುಂದ್ರಂಗಿಲ್ಲ ಅಂದ್ಲು. ಹಂಗ ಒಬ್ಬರೇ ಕುಡ್ಯೋದು ನೋಡ್ಲಿಕ್ಕೆ ಭಾಳ ಸಂಕಟ ಆತು ನನಗ."

ಅವಳ ಕಣ್ಣುಗಳು ನಿಜವಾಗಿಯೂ ತುಂಬಿದ್ದವು. ನಾನೂ ಒಬ್ಬನೇ ಕುಡಿಯುತ್ತಿದ್ದೆನಲ್ಲ, ನಿನ್ನ ಎದುರಿಗೇ, ಇಷ್ಟು ವರ್ಷ, ಎನ್ನಬೇಕೆನಿಸಿತು. ಅನ್ನದೆ ಬಸ್ಸಿಳಿದು ಚಹಾದ ಗಾಡಿಯ ಕಡೆ ಹೋದೆ.

ಗಾಡಿಯವನು ಎಷ್ಟು ಎಂದು ಕೇಳಿದ. ಒಂದು ಎಂದೆ. ಚಹಾ ಸುಡುತ್ತಿತ್ತು, ಕಂಡಕ್ಟರ್ ಬಂದುಬಿಟ್ಟಾನೆಂದು ಬೇಗ ಬೇಗ ಊದಿದೆ. ಅವಳು ಕಿಟಕಿಯ ಸರಳಿಗೆ ಮುಖವಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಅವಸರ ಮಾಡಬ್ಯಾಡ್ರಿ," ಎಂದು ಕೂಗಿ ಹೇಳಿದಳು, "ಆರಾಮಾಗಿ ಕುಡೀರಿ. ಬಸ್ಸು ಇನ್ನಾ ಬಿಡಂಗಿಲ್ಲ."