ಹೊಸ ಕನ್ನಡಕದಲ್ಲಿ ಓದಿದ ವಿಮರ್ಶೆ

ಕನ್ನಡಕದ ಅಂಗಡಿಯವನಿಗೆ ಊರೆಲ್ಲ ಕೊಳಲಣ್ಣ ಎಂದೇ ಹೆಸರು. ಆ ಹೆಸರನ್ನು ಊರ ಬಾಯಿಗೆ ಹಾಕಿದವನೂ ಅವನೇ. ಯಾವ ದೊಡ್ಡ ಕಂಪನಿಯ ಹಂಗಿಗೂ ಬೀಳದೆ ಇಪ್ಪತ್ತೆರಡು ವರ್ಷದಿಂದ ಜನಪದ ಹಾಡುಗಳನ್ನು ತಮ್ಮದೇ ಧಾಟಿಯಲ್ಲಿ ಹಾಡಿಕೊಂಡು ಬಂದ ನಾಲ್ವರ ತಂಡದಲ್ಲಿ ಕೊಳಲು ಅವನದು. ಗಾಜು ಉಜ್ಜುವುದು ಹೊಟ್ಟೆಪಾಡಿಗೆ, ತನ್ನ ನಿಜವಾದ ಕಸುಬು ಬೇರೆ ಎಂದು ತಿಳಿಸದೆ ಅವನು ಯಾರ ಮೂಗಿನ ಮೇಲೂ ಫ್ರೇಮು ಕೂರಿಸಿದವನಲ್ಲ.

ಹತ್ತಿರದ ದೃಷ್ಟಿ ಸರಿಯಿದೆಯೇ ಎಂದು ನೋಡಲು ಬೇರೆ ಅಂಗಡಿಗಳಲ್ಲಿ ಅಕ್ಷರದ ಕಾರ್ಡು ಕೊಡುತ್ತಾರೆ. ಕೊಳಲಣ್ಣ ತಂಡದ ಬಗ್ಗೆ ಪತ್ರಿಕೆಗಳಲ್ಲಿ ಬಂದ ವಿಮರ್ಶೆಯ ತುಣುಕು ಕೊಡುತ್ತಿದ್ದ. ಕೊಳಲನ್ನು ಹೊಗಳಿದ ಸಾಲು ಬರುವವರೆಗೂ ಯಾರ ಕಣ್ಣನ್ನೂ ಸರಿಯೆಂದು ಒಪ್ಪುತ್ತಿರಲಿಲ್ಲ.

ಏಳು ವರ್ಷದ ಮೇಲೆ ತಂಡದ ಹೊಸ ಆಲ್ಬಂ ಬಂತು. ನುಡಿಸಿದ್ದು ತನಗೇ ಗೊತ್ತಲ್ಲ ಎಂದು ಅವನು ಅದನ್ನು ಕೇಳುವ ಗೋಜಿಗೂ ಹೋಗಲಿಲ್ಲ, ಕಾದಿದ್ದು ವಿಮರ್ಶೆಗೆ. ಅದು ಅಚ್ಚಾದ ಬೆಳಿಗ್ಗೆ ಅಂಗಡಿಯಲ್ಲಿ ಮೂವರು ಗಿರಾಕಿಗಳು. ಹೊಗಳಿಕೆಯನ್ನು ತಾನೇ ಓದಿಕೊಳ್ಳುವುದಕ್ಕಿಂತ ಇನ್ನೊಬ್ಬರ ಬಾಯಲ್ಲಿ ಕೇಳುವುದು ರುಚಿ. ಕಣ್ಣು ಕೂಡ ಹಾಯಿಸದೆ, ಹೊಸ ಕನ್ನಡಕ ಹಾಕಿಕೊಂಡು ಕೂತಿದ್ದ ನಿವೃತ್ತ ಟೀಚರಮ್ಮನ ಕೈಗೆ ಪತ್ರಿಕೆ ಇಟ್ಟ.

"ಓದಿ ಟೀಚರಮ್ಮ, ಸ್ವಲ್ಪ ಜೋರಾಗಿ."

ಕೊನೆಯ ಬೆಂಚಿಗೆ ಕೇಳುವಂತೆ ಮೂವತ್ತು ವರ್ಷ ಪಾಠ ಮಾಡಿದ ಗಂಟಲು. "ಈ ಹಳಬರ ಅತ್ಯುತ್ತಮ ಆಲ್ಬಂ ಇದು. ಕಾರಣ ಒಂದೇ. ತಂಡ ಮೊದಲ ಬಾರಿಗೆ ಕೊಳಲನ್ನು ಕೈಬಿಟ್ಟಿದೆ. ಹೋಗಲೊಲ್ಲದ ನೆಂಟ ಕೊನೆಗೂ ಹೊರಟ ಮೇಲೆ ಮನೆಯವರು ಕಾಲು ಚಾಚಿ ಕೂತಂತೆ ಹಾಡುಗಳು ನಿರಾಳವಾಗಿವೆ." ಹಾಳೆ ಇಳಿಸಿ, "ಒಂದಕ್ಷರವೂ ಮಂಜಾಗಿಲ್ಲಪ್ಪ!" ಎಂದರು. ಆಮೇಲೆ ಅರ್ಥ ಹೊಳೆದು ಕನ್ನಡಕ ತೆಗೆದುಬಿಟ್ಟರು.

ಗಿರಾಕಿಗಳು ಹೋದದ್ದೇ ತಡ, ಕೊಳಲಣ್ಣ ತಂಡದ ಹಾಡುಗಾರನಿಗೆ ಫೋನು ಹಚ್ಚಿದ.

"ಸ್ಟುಡಿಯೋದಲ್ಲಿ ಆರು ದಿನ ಊದಿದ್ದೀನಲ್ಲೋ! ಎಲ್ಲಿ ಹೋಯ್ತು?"

"ಹೇಳೋಣ ಅಂತಾನೇ ಇದ್ದೆ ಕಣೋ, ಬಾಯಿ ಬರ್ಲಿಲ್ಲ. ಮೌನಾನೂ ಒಂದು ವಾದ್ಯ ಅಲ್ವಾ?"

"ಹಾಗಾದ್ರೆ ಮೌನ ನುಡಿಸಿದವರು ಅಂತ ಕವರ್ ಮೇಲೆ ನನ್ನ ಹೆಸರು ಹಾಕ್ಸು."

"ಹಾಕಬಹುದಿತ್ತು ನೋಡು," ಎಂದು ಹಾಡುಗಾರ ನಿಜಕ್ಕೂ ಪೇಚಾಡಿಕೊಂಡ. "ಈಗ ಅಚ್ಚಾಗ್ಬಿಟ್ಟಿದೆ."

ವಿಮರ್ಶಕನ ಕಿವಿ ಕೆಟ್ಟಿದೆಯೆಂದು ಸಾಬೀತು ಮಾಡುವುದೊಂದೇ ಉಳಿದ ದಾರಿ. ಸಂಜೆ ಅಡುಗೆಮನೆಯಲ್ಲಿ, ಹೆಂಡತಿ ತರಕಾರಿ ಹೆಚ್ಚುತ್ತಿದ್ದಾಗ, ಫೋನಿನಲ್ಲಿ ಆಲ್ಬಂ ಹಾಕಿದ. ಎರಡನೆಯ ಹಾಡಿನ ನಡುವೆ ತಾನು ಪ್ರವೇಶಿಸುತ್ತಿದ್ದ ಜಾಗ ಬಂತು. ಅಭ್ಯಾಸಬಲದಿಂದ ಎದೆ ಉಸಿರು ತುಂಬಿಕೊಂಡಿತು. ಯಾರೂ ಪ್ರವೇಶಿಸಲಿಲ್ಲ. ಹಾಡುಗಾರನ ಮುದಿ ದನಿ ಒಂಟಿಯಾಗಿ, ತಡವರಿಸುತ್ತ, ಆ ಖಾಲಿ ಜಾಗ ದಾಟಿ ಆಚೆ ಮುಟ್ಟಿತು. ಅಲ್ಲಿ ಕೊಳಲು ನುಗ್ಗಿದ್ದರೆ ಏನಾಗುತ್ತಿತ್ತೆಂಬುದು ಕೊಳಲಣ್ಣನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತುಂಬಿಕೊಂಡ ಉಸಿರನ್ನು ಸದ್ದಾಗದಂತೆ ಬಿಟ್ಟ.

"ರೀ, ನಿಮ್ಮದು ಯಾವಾಗ ಬರುತ್ತೆ?"

"ಬರಲ್ಲ. ತೆಗೆದುಹಾಕಿದ್ದಾರೆ."

"ಮನೆಹಾಳರು!" ಎಂದಳು. ಆದರೆ ಈಳಿಗೆಯ ಮೇಲಿನ ಕೈ ನಿಂತಿತ್ತು, ಹಾಡು ಮುಗಿಯುವವರೆಗೂ ನಿಂತೇ ಇತ್ತು.

"ಹೇಗಿದೆ?" ಎಂದ.

"ಬೇಜಾರು ಮಾಡ್ಕೋಬೇಡಿ."

"ಮಾಡ್ಕೊಳ್ಳಲ್ಲ, ಹೇಳು."

"ಇನ್ನೊಂದ್ಸಲ ಹಾಕಿ."

ಹಾಕಿದ.