ಒಬ್ಬರೂ ವಾಪಸು ತಾರದ ಸೀರೆ

ಟಿ.ವಿ.ಯಲ್ಲಿ ಜಾಹೀರಾತು ಬಂದ ಕೂಡಲೇ ಮನೆಯವರು ಬೇರೆ ಮಾತಿಗೆ ತೊಡಗುತ್ತಾರೆ. ನಾನು ಮಾತ್ರ ಕಿವಿಗೊಟ್ಟು ಕೇಳುತ್ತೇನೆ. ಒಂದು ಸೋಪಿನವರು ಹೇಳಿದ್ದನ್ನೇ ಇನ್ನೊಂದು ಸೋಪಿನವರೂ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಕೇಳಿದವರು ಸುಳ್ಳನ್ನು ನಂಬುವ ಹಾಗೆ ಜೋಡಿಸಿರುತ್ತಾರೆ. ಆ ಕೆಲಸ ನನಗೆ ಗೊತ್ತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನಾದರೂ ಅದನ್ನು ಚೆನ್ನಾಗಿಯೇ ಕಲಿತಿದ್ದೆ.

ಐವತ್ತರ ದಶಕದಲ್ಲಿ ನಾನು ಗಜೇಂದ್ರಗಡದ ಒಂದು ಸೀರೆ ಅಂಗಡಿಯಲ್ಲಿದ್ದೆ. ಸಂತೆಯ ದಿನ ಬಾಗಿಲಲ್ಲಿ ನಿಂತು ತಗಡಿನ ತುತ್ತೂರಿಯಲ್ಲಿ ಕೂಗುತ್ತಿದ್ದೆ: "ಪಕ್ಕಾ ಬಣ್ಣದ ಸೀರಿ ನೋಡ್ರೆವ್ವಾ, ಬಣ್ಣ ಹೋತಂತ ಇಲ್ಲೀತನಕಾ ಒಬ್ರೂ ವಾಪಸ್ ತಂದಿಲ್ಲ."

ಈ ಮಾತು ನನ್ನದಲ್ಲ. ನರಗುಂದದ ಸಂತೆಯಲ್ಲಿ ಕಂದೀಲು ಮಾರುವವನೊಬ್ಬ, ಒಬ್ಬರೂ ವಾಪಸು ತಂದಿಲ್ಲ ಎಂದು ಕೂಗುತ್ತಿದ್ದ. ಅವನ ಮಾತಿನಲ್ಲಿ ಕಂದೀಲು ತೆಗೆದು ಸೀರೆ ಹಾಕಿಕೊಂಡೆ. ನನ್ನಿಂದ ಪಾತ್ರೆ ಅಂಗಡಿಯವರು ಎತ್ತಿಕೊಂಡರು. ಯಾರೂ ವಾಪಸು ತಂದಿಲ್ಲ ಎಂಬುದೇನೋ ಖರೆ. ಆ ಸೀರೆಗಳ ಗಂಟು ಅಂಗಡಿಗೆ ಬಂದು ಇನ್ನೂ ಎಂಟು ದಿನವಾಗಿರಲಿಲ್ಲ. ಕೊಂಡವರು ದೂರದ ಹಳ್ಳಿಯವರು, ಒಂದು ಸೀರೆಗಾಗಿ ಮತ್ತೆ ಅಷ್ಟು ದೂರ ನಡೆದು ಬರುವವರಲ್ಲ. ಹಸಿರು ಸೀರೆಗಳನ್ನು ಮಡಚುವಾಗ ಬೆವರಿಗೆ ನನ್ನ ಅಂಗೈಯೇ ಹಸಿರಾಗುತ್ತಿತ್ತು.

ಆಗಲೇ ಹೊಳೆಮಣ್ಣೂರಿಗೆ ಕೊಟ್ಟಿದ್ದ ನನ್ನ ತಂಗಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಒಯ್ದು ಉಡಿಸಿ ಕುಬಸ, ಅಂದರೆ ಸೀಮಂತ, ಮಾಡಬೇಕು. ಆ ಸೀರೆಯನ್ನು ಬೀಗರ ಓಣಿಯ ಹೆಂಗಸರೆಲ್ಲ ಮುಟ್ಟಿ ನೋಡುತ್ತಾರೆ. ಅವ್ವ ನಮ್ಮ ಅಂಗಡಿಗೇ ಬಂದು ಅದೇ ಗಂಟಿನದೊಂದನ್ನು ಆರಿಸಿದಳು.

"ಬಣ್ಣ ಬಿಡೂದಿಲ್ಲ ಹೌದಿಲ್ಲೋ?"

"ಇಲ್ಲೀತನಕಾ ಒಬ್ರೂ ವಾಪಸ್ ತಂದಿಲ್ಲ ಯವ್ವಾ."

ಬೇರೆ ಅಂಗಡಿಗೆ ಹೋಗು ಎಂದಿದ್ದರೆ ಬೆಳಗಿನಿಂದ ಕೂಗಿದ್ದು ಮೋಸವೆಂದು ಒಪ್ಪಿಕೊಂಡಂತಾಗುತ್ತಿತ್ತು. ಮಾಲಕರು ಅಲ್ಲೇ ಕುಳಿತಿದ್ದರು. ಅವ್ವ ನನ್ನ ಮುಖ ನೋಡಿ ಸೀರೆಯನ್ನು ಚೀಲಕ್ಕೆ ಹಾಕಿಕೊಂಡಳು.

ತಿಂಗಳ ಮೇಲೆ ಬಾಣಂತನಕ್ಕೆ ತಂಗಿಯನ್ನು ಕರೆತರಲು ಹೋದೆ. ಕಟ್ಟೆಯ ಮೇಲೆ ಕೂರುವ ಮೊದಲೇ ಅವಳ ಅತ್ತೆ ಒಂದು ಧೋತರ ತಂದು ನನ್ನ ಮುಂದೆ ಬಿಚ್ಚಿದರು. ಅದರ ತುಂಬ ಹಸಿರು ಕಲೆ. ಪಕ್ಕಾ ಬಣ್ಣವೆಂದು ನಂಬಿ ತಂಗಿ ಸೀರೆಯನ್ನು ಮಾವನ ಧೋತರದ ಜೊತೆ ನೆನೆ ಇಟ್ಟಿದ್ದಳು.

"ನೋಡಪಾ, ನಿನ್ನ ತಂಗಿ ಮಾವಗೂ ಕುಬಸ ಆತು" ಎಂದರು ಅತ್ತೆ. ಒಳಗಿದ್ದ ಹೆಂಗಸರು ನಕ್ಕರು. "ನಿಮ್ಮ ಅಂಗಡಿ ಸೀರಿ ಅಲ್ಲೇನು? ಖರೇ ಹೇಳು."

ನಾನು ಬಾಯಿ ತೆರೆಯುವುದರೊಳಗೆ ತಂಗಿ ಹೊರಗೆ ಬಂದಳು.

"ಅತ್ತಿ, ಸೀರಿದೇನೂ ತಪ್ಪಿಲ್ರಿ. ತಣ್ಣೀರಾಗ ಒಗಿ ಅಂತ ಅಣ್ಣ ಹೇಳಿ ಕಳಿಸಿದ್ದ. ನಾನ ಮರತು ಬಿಸಿನೀರಾಗ ಹಾಕಿದೆ."

"ಹಂಗಾದ್ರ ನಿನಗ ಅರಿವಿ ಒಗ್ಯಾಕೂ ಬರೂದಿಲ್ಲ ಅನ್ನು."

"ಇಲ್ರಿ, ಬರೂದಿಲ್ಲ."

ನಾನು ಹಾಗೆ ಹೇಳಿ ಕಳಿಸಿರಲೇ ಇಲ್ಲ. ಚಹಾ ಬಂತು, ಕುಡಿದೆ.

ರೋಣದ ಬಸ್ಸಿಗೆಂದು ಚಕ್ಕಡಿಯಲ್ಲಿ ಹೊರಟೆವು. ಊರು ದಾಟಿದ ಮೇಲೆ ನಾನು, "ಸುಳ್ಳ ಯಾಕ ಹೇಳಿದಿ?" ಎಂದೆ.

"ಅವ್ವ ಕೆಟ್ಟ ಸೀರಿ ಆರಿಸಿದ್ಲು ಅಂತ ಅವ್ರು ಅನಬಾರದಾಗಿತ್ತು. ಅದಕ್ಕ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಲದ ಕಡೆ ನೋಡುತ್ತಲೇ ಹೇಳಿದಳು, "ನೀ ನಡುವ ಬಂದು ಒಂದ ಮಾತ ಹೇಳ್ತಿ ಅಂತ ತಿಳಕೊಂಡಿದ್ದೆ, ಅಣ್ಣಾ."

ಮುಂದಿನ ಸಂತೆಯಲ್ಲಿ ಆ ಸಾಲು ಬಿಟ್ಟು ಕೂಗಿದೆ. ಮಾಲಕರು ಕೇಳಿದಾಗ ಗಂಟಲು ನೋವು ಎಂದೆ. ಎರಡು ವಾರದ ಮೇಲೆ ಮತ್ತೆ ಅದನ್ನೇ ಕೂಗತೊಡಗಿದೆ.

ತಂಗಿಯ ಅತ್ತೆ ಮುಂದೆ ಬಹಳ ವರ್ಷ ಬದುಕಿದ್ದರು. ಬೀಗರು ಬಂದಾಗಲೆಲ್ಲ, "ನಮ್ಮ ಸೊಸಿಗೆ ಅರಿವಿ ಕೊಡಬ್ಯಾಡ್ರಿ, ಹಸರ ಮಾಡ್ತಾಳ" ಎನ್ನುತ್ತಿದ್ದರು. ಮೂರು ಮಕ್ಕಳ ತಾಯಿಯಾದ ಮೇಲೂ ತಂಗಿಗೆ ಆ ಮಾತು ತಪ್ಪಲಿಲ್ಲ. ಕೂತ ಮಂದಿಯೆಲ್ಲ ನಗುತ್ತಿದ್ದರು, ತಂಗಿ ತಲೆ ತಗ್ಗಿಸಿ ತಾಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಸೀರೆ ನಮ್ಮ ಅಂಗಡಿಯದು, ಅದು ಬಣ್ಣ ಬಿಡುವುದು ನನಗೆ ಮೊದಲೇ ಗೊತ್ತಿತ್ತು ಎಂದಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಮಂದಿಯ ಜೊತೆ ನಾನೂ ನಕ್ಕಿದ್ದೇನೆ.