ರೋಶನ್ ಬೀಯ ಗಿಡಕ್ಕೆ ಬಂದ ಪರೀಕ್ಷೆ

ರೋಶನ್ ಬೀ ಗೋರಂಟಿ ಹಚ್ಚಿದರೆ ಮದುಮಗಳು ತಿಂಗಳು ಪೂರ್ತಿ ಪಾತ್ರೆ ತಿಕ್ಕಿದರೂ ಬಣ್ಣ ಹೋಗದು ಎಂಬ ಮಾತು ಚನ್ನಪಟ್ಟಣದಲ್ಲಿತ್ತು. ಆ ಮಾತು ಹಬ್ಬಿಸಿದವಳು ರೋಶನ್ ಬೀಯೇ, ಅದಿರಲಿ, ಸುಳ್ಳಂತೂ ಅಲ್ಲ. ಮನೆ ಪಕ್ಕದ ಒಂದೇ ಗಿಡದ ಎಲೆ ಕುಟ್ಟಿ, ಲವಂಗದ ಕಷಾಯದಲ್ಲಿ ಕಲಸಿ, ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ನಲವತ್ತು ವರ್ಷ ಊರಿನ ಹೆಣ್ಣುಮಕ್ಕಳ ಕೈ ಕೆಂಪಾಗಿಸಿದ್ದಳು.

ಈಗ ಆ ಗಿಡದ ಮೇಲೆ ಮೈದುನ ಮುಕ್ತಿಯಾರನ ಕಣ್ಣು ಬಿದ್ದಿತ್ತು. ಕಾರು ತಂದಿದ್ದ, ನಿಲ್ಲಿಸಲು ಜಾಗವಿರಲಿಲ್ಲ.

"ಭಾಬಿ, ಈಗೆಲ್ಲ ಅಂಗಡೀಲೇ ಗೋರಂಟಿ ಕೋನ್ ಸಿಗ್ತದೆ. ಆ ಗಿಡ ಯಾರಿಗೆ ಬೇಕು?" ಎಂದ. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಬೆಂಗಳೂರಿನಿಂದ ಚೈತನ್ಯ ಎಂಬ ಹುಡುಗಿ ಬಂದಳು. ಗೋರಂಟಿ ಎಲೆಯಲ್ಲಿ ಬಣ್ಣದ ಅಂಶ ಎಷ್ಟಿದೆಯೆಂದು ಅಳೆಯುವುದು ಅವಳ ಸಂಶೋಧನೆ. ಮಾಗಡಿ, ಕನಕಪುರ, ರಾಮನಗರ ಸುತ್ತಿ ಹನ್ನೊಂದು ಗಿಡ ಗೊತ್ತುಮಾಡಿಕೊಂಡಿದ್ದಳು, ಇದು ಹನ್ನೆರಡನೆಯದು. ಗೋರಂಟಿ, ಲವಂಗ, ನೀಲಗಿರಿ, ನೇರಳೆ, ಸೀಬೆ, ದಾಳಿಂಬೆ ಎಲ್ಲವೂ ಒಂದೇ ಬಳಗದವೆಂದು ಅವಳು ಹೇಳಿದಾಗ ರೋಶನ್ ಬೀ ಕೆನ್ನೆಗೆ ಕೈಯಿಟ್ಟಳು.

"ಹಂಗಾದ್ರೆ ನಾನು ಇಷ್ಟು ವರ್ಷ ನೆಂಟ್ರನ್ನೇ ಒಟ್ಟಿಗೆ ಕುಟ್ಟಿ ಕಲಸ್ತಿದ್ದೀನಿ ಅನ್ನು."

ಮುಕ್ತಿಯಾರನಿಗೂ ಅಲ್ಲೊಂದು ದಾರಿ ಕಂಡಿತು. "ಸೈನ್ಸೇ ಹೇಳ್ಲಿ ಬಿಡಿ ಭಾಬಿ. ನಿಮ್ಮ ಗಿಡ ಮೊದಲ ಮೂರರೊಳಗೆ ಬಂದ್ರೆ ಕಾರು ಗಲ್ಲೀಲೇ ಇರ್ಲಿ. ಇಲ್ದಿದ್ರೆ ಕಡಿಸ್ತೀನಿ."

ರೋಶನ್ ಬೀ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಳು.

ಚೈತನ್ಯ ಎಲೆ ಕೀಳಲು ಬರುವುದಕ್ಕೆ ಇನ್ನೂ ಮೂರು ವಾರವಿತ್ತು. ಹೆಣ್ಣು ನೋಡಲು ಬರುತ್ತಾರೆಂದರೆ ಯಾವ ತಾಯಿ ಮಗಳನ್ನು ಸೊರಗಲು ಬಿಡುತ್ತಾಳೆ? ರೋಶನ್ ಬೀ ಅಕ್ಕೂರಿನಿಂದ ಒಂದು ಚೀಲ ರೇಷ್ಮೆ ಹುಳದ ಹಿಕ್ಕೆ ತರಿಸಿ ಗಿಡದ ಬುಡಕ್ಕೆ ಗೊಬ್ಬರವಾಗಿ ಸುರಿದಳು. ಬೆಳಗ್ಗೆ ಎರಡು ಬಕೆಟ್ ನೀರು, ಸಂಜೆ ಎರಡು ಬಕೆಟ್. ಗಿಡ ಚಿಗುರಿ ಸೊಂಪಾಗಿ ಕೂತಿತು.

ಫಲಿತಾಂಶ ಬಂತು. ಹನ್ನೆರಡು ಗಿಡಗಳಲ್ಲಿ ಹನ್ನೆರಡನೆಯದು.

ಮುಕ್ತಿಯಾರ್ ಮರ ಕಡಿಯುವವನಿಗೆ ಫೋನು ಮಾಡಿದ. ರೋಶನ್ ಬೀ ಚೈತನ್ಯಳಿಗೆ ಮಾಡಿ ತರಾಟೆಗೆ ತೆಗೆದುಕೊಂಡಳು.

"ನಿನ್ನ ಮಿಷನ್ನೇ ಕೆಟ್ಟೋಗೈತೆ ಕಣಮ್ಮ. ಮೂರು ವಾರ ಗೊಬ್ಬರ ಹಾಕಿ, ದಿನಾ ನಾಕು ಬಕೆಟ್ ನೀರು ಹುಯ್ದಿದ್ದೀನಿ. ಅದೆಂಗೆ ಕೊನೇಗೆ ಬತ್ತದೆ?"



"ಅಮ್ಮಾ, ಕೆಡಿಸಿದ್ದೇ ಅದು," ಎಂದಳು ಚೈತನ್ಯ. "ಬಿಸಿಲಲ್ಲಿ ಬಾಯಾರಿದಷ್ಟೂ ಈ ಎಲೇಲಿ ಬಣ್ಣ ಜಾಸ್ತಿ. ಉಳಿದ ಗಿಡಗಳಿಗೆ ಯಾರೂ ನೀರು ಹಾಕಿಲ್ಲ. ಎರಡು ತಿಂಗಳು ಒಂದು ಹನೀನೂ ಹಾಕ್ಬೇಡಿ. ಹನ್ನೆರಡನ್ನೂ ಮತ್ತೆ ಅಳೀತೀನಿ."

ಮುಕ್ತಿಯಾರ್ ಗೊಣಗುತ್ತಲೇ ಎರಡು ತಿಂಗಳ ವಾಯಿದೆ ಕೊಟ್ಟ.

ಫೆಬ್ರವರಿ ಕಳೆದು ಮಾರ್ಚಿನ ಬಿಸಿಲು ಏರಿತು. ಚಿಗುರು ಬಾಡಿತು, ಎಲೆ ಸಣ್ಣಗಾಗಿ ಒರಟಾಯಿತು. ನಲವತ್ತು ವರ್ಷ ಅನ್ನ ಹಾಕಿದ ಗಿಡವನ್ನು ಹೀಗೆ ಉಪವಾಸ ಕೆಡವುವುದು ರೋಶನ್ ಬೀಗೆ ಸಹಿಸಲಾಗುತ್ತಿರಲಿಲ್ಲ. ಅಕ್ಕಿ ತೊಳೆದ ನೀರನ್ನು ದೂರದ ಚರಂಡಿಯವರೆಗೆ ಹೊತ್ತು ಹೋಗಿ ಚೆಲ್ಲುತ್ತಿದ್ದಳು. ಜಗುಲಿಯಲ್ಲಿ ಕೂತು ತಾನು ನೀರು ಕುಡಿಯುವಾಗ ಗಿಡಕ್ಕೆ ಬೆನ್ನು ತಿರುಗಿಸಿ ಕುಡಿಯುತ್ತಿದ್ದಳು.

ಏಪ್ರಿಲ್‌ನಲ್ಲಿ ಸುದ್ದಿ ಹೇಳಲು ಚೈತನ್ಯ ತಾನೇ ಬಂದಳು. "ಎರಡನೇ ಸ್ಥಾನ ಅಮ್ಮಾ."

ಮುಕ್ತಿಯಾರ್ ಕಾರಿನ ಕೀ ತೆಗೆದುಕೊಂಡು ಗಲ್ಲಿಗೆ ಹೋದ. ರೋಶನ್ ಬೀ ಆಗಲೇ ಬಕೆಟ್ ತುಂಬಿಸುತ್ತಿದ್ದಳು.

"ಅಮ್ಮಾ, ನೀರು ಹಾಕಿದ್ರೆ ಬಣ್ಣ ಮತ್ತೆ ಇಳಿದುಹೋಗತ್ತೆ," ಎಂದಳು ಚೈತನ್ಯ.

"ಇಳೀಲಿ ಬಿಡು. ಬಣ್ಣ ಬೇಕಾದೋರು ಇನ್ನೊಂದು ಗಂಟೆ ಕೈ ಚಾಚ್ಕೊಂಡು ಕೂತ್ಕಳ್ಳಿ," ಎಂದು ರೋಶನ್ ಬೀ ಬಕೆಟ್ಟನ್ನು ಪೂರ್ತಿ ಬುಡಕ್ಕೆ ಸುರಿದು, ಇನ್ನೊಂದು ಬಕೆಟ್ ತರಲು ಹೋದಳು.